ಮೌಲ್ಯಾಂಕನ ಶಿಬಿರಗಳಲ್ಲಿ ಮಕ್ಕಳ ನಡಿಗೆಯನ್ನೂ ಅಳೆಯಲಿ

ಮಾನ್ಯ ಸಂಪಾದಕರೇ,

ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ತಾಲ್ಲೂಕು ಕೇಂದ್ರಗಳಲ್ಲಿ ನಡೆಯುವ ವೈದ್ಯಕೀಯ ಮೌಲ್ಯಾಂಕನ ಶಿಬಿರಗಳ ಸುದ್ದಿಯೂ, ಅದರ ಬೆನ್ನಿಗೇ ಬರುವ ಸಾಧನ ಸಲಕರಣೆ ವಿತರಣೆಯ ಚಿತ್ರಗಳೂ ನಿಮ್ಮ ಪತ್ರಿಕೆಯ ಜಿಲ್ಲಾ ಪುಟಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಎಷ್ಟು ಮಕ್ಕಳು ಬಂದಿದ್ದರು, ಎಷ್ಟು ಗಾಲಿಕುರ್ಚಿ, ವಾಕರ್, ಕ್ಯಾಲಿಪರ್ (ಕಾಲಿಗೆ ಕಟ್ಟುವ ಆಧಾರ) ಹಂಚಲಾಯಿತು ಎಂಬ ಲೆಕ್ಕ ಅವುಗಳಲ್ಲಿ ತಪ್ಪದೆ ಇರುತ್ತದೆ. ಆದರೆ ಆ ಮಕ್ಕಳಲ್ಲಿ ನಡೆಯಬಲ್ಲವರು ಎಷ್ಟು ದೂರ ನಡೆಯುತ್ತಾರೆ, ಹತ್ತು ಮೀಟರ್ ದಾಟಲು ಅವರಿಗೆ ಎಷ್ಟು ಸೆಕೆಂಡು ಬೇಕು, ತಿರುಗುವಾಗ ಏನಾಗುತ್ತದೆ, ಹೋದ ವರ್ಷಕ್ಕಿಂತ ಈ ವರ್ಷ ನಡಿಗೆ ಸುಧಾರಿಸಿದೆಯೋ ಕುಗ್ಗಿದೆಯೋ ಎಂಬುದು ಸುದ್ದಿಯಲ್ಲಿ ಮಾತ್ರವಲ್ಲ, ಬಹುಪಾಲು ಮಕ್ಕಳ ಕಡತದಲ್ಲಿಯೂ ಇರುವುದಿಲ್ಲ. ರಾಯಚೂರು ಮತ್ತು ಕೊಪ್ಪಳ ಜಿಲ್ಲೆಗಳ ಇಂತಹ ಶಿಬಿರಗಳಲ್ಲಿ ಫಿಸಿಯೋಥೆರಪಿಸ್ಟ್ ಆಗಿ ದುಡಿದಿರುವ ನಾನು ಈ ಕೊರತೆಯ ಕುರಿತು ಕೆಲವು ಮಾತುಗಳನ್ನು ಓದುಗರ ಮತ್ತು ಅಧಿಕಾರಿಗಳ ಗಮನಕ್ಕೆ ತರಬಯಸುತ್ತೇನೆ.

ಶಿಬಿರದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ತಾಯಿ ಮಗುವನ್ನು ಎತ್ತಿಕೊಂಡೇ ಒಳಗೆ ಬರುತ್ತಾಳೆ ಮತ್ತು ಬೆಂಚಿನ ಮೇಲೆ ಕೂರಿಸುತ್ತಾಳೆ. ವೈದ್ಯರು ಸೊಂಟ, ಮೊಣಕಾಲು, ಪಾದದ ಕೀಲುಗಳನ್ನು ಮಡಚಿ ಬಿಡಿಸಿ ನೋಡುತ್ತಾರೆ, ಸ್ನಾಯುವಿನ ಬಿಗಿತ ಮತ್ತು ಬಲವನ್ನು ಪರೀಕ್ಷಿಸುತ್ತಾರೆ, ಅಂಗವಿಕಲತೆಯ ಶೇಕಡಾ ಪ್ರಮಾಣವನ್ನು ಬರೆಯುತ್ತಾರೆ, ಸಾಧನದ ಶಿಫಾರಸು ಮಾಡುತ್ತಾರೆ. ಒಂದೇ ಕೋಣೆ, ಹೊರಗೆ ಉದ್ದನೆಯ ಸಾಲು, ಸಂಜೆಯ ಬಸ್ಸು ಹಿಡಿಯಬೇಕಾದ ಪೋಷಕರು ಎಂಬ ಒತ್ತಡದ ನಡುವೆ ವೈದ್ಯರನ್ನು ದೂರುವುದು ನ್ಯಾಯವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ (ಮಿದುಳಿಗೆ ಪೆಟ್ಟಾಗಿ ಬರುವ ಚಲನೆಯ ತೊಂದರೆ) ಸ್ನಾಯುಕ್ಷಯವೂ ಸೇರಿವೆ, ಮತ್ತು ಹಲವು ಸೌಲಭ್ಯಗಳಿಗೆ ಶೇ 40 ಎಂಬುದು ಹೊಸ್ತಿಲು. ಹಾಗಾಗಿ ಪೋಷಕರಿಗೂ ಅಧಿಕಾರಿಗಳಿಗೂ ಆ ಶೇಕಡಾ ಅಂಕಿಯೇ ಮುಖ್ಯವಾಗುವುದು ಸಹಜ. ಮಾಸಾಶನಕ್ಕೆ, ಬಸ್ ಪಾಸಿಗೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆ ಅಂಕಿ ಸಾಕು. ಮಗುವಿನ ಚಿಕಿತ್ಸೆಗೆ ಅದು ಸಾಲದು. ಬೆಂಚಿನ ಮೇಲೆ ಕುಳಿತಾಗ ಒಂದೇ ಬಗೆಯ ಬಿಗಿತ ತೋರುವ ಇಬ್ಬರು ಮಕ್ಕಳಲ್ಲಿ ಒಬ್ಬ ಶಾಲೆಯ ಅಂಗಳದಲ್ಲಿ ಚೆಂಡಿನ ಹಿಂದೆ ಓಡುತ್ತಿರಬಹುದು, ಇನ್ನೊಬ್ಬ ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರದೆ ಇರಬಹುದು. ಈ ವ್ಯತ್ಯಾಸ ತಿಳಿಯಬೇಕಾದರೆ ಮಗುವನ್ನು ನೆಲಕ್ಕಿಳಿಸಿ ನಡೆಸಲೇಬೇಕು.

ನಮ್ಮ ಹಳ್ಳಿಗಳಲ್ಲಿ ಕಾಲೆಳೆದು ನಡೆಯುವ ಪ್ರತಿ ಮಗುವಿಗೂ ಹಿರಿಯರು ಇಂದಿಗೂ ‘ಪೋಲಿಯೋ ಆಗೈತಿ’ ಎನ್ನುತ್ತಾರೆ. ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರಲ್ಲಿ ಭಾರತ ಪೋಲಿಯೋ ಮುಕ್ತವೆಂದು ಪ್ರಮಾಣೀಕರಿಸಲಾಯಿತು. ಆ ಬಳಿಕ ಹುಟ್ಟಿದ, ಇಂದು ಅಂಗನವಾಡಿಯಲ್ಲಿಯೂ ಪ್ರಾಥಮಿಕ ಶಾಲೆಯಲ್ಲಿಯೂ ಇರುವ ಮಕ್ಕಳ ನಡಿಗೆಯ ತೊಂದರೆಗೆ ಕಾರಣಗಳು ಬೇರೆ. ಹೆರಿಗೆಯ ವೇಳೆ ಉಸಿರುಗಟ್ಟುವುದು, ಅವಧಿಗೆ ಮುನ್ನ ಹುಟ್ಟುವುದು, ಹುಟ್ಟಿದ ಮೊದಲ ದಿನಗಳ ತೀವ್ರ ಕಾಮಾಲೆ, ಮಿದುಳು ಜ್ವರ ಇವುಗಳಿಂದ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ ಬರುವ ಸೆರೆಬ್ರಲ್ ಪಾಲ್ಸಿ ಅವುಗಳಲ್ಲಿ ಪ್ರಮುಖವಾದದ್ದು. ಪೋಲಿಯೋದಲ್ಲಿ ಕಾಲು ಸೊರಗಿ ಜೋತುಬೀಳುತ್ತದೆ. ಸೆರೆಬ್ರಲ್ ಪಾಲ್ಸಿಯ ಹೆಚ್ಚಿನ ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಸ್ನಾಯು ಬಿಗಿಯುತ್ತದೆ, ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಮೊಣಕಾಲುಗಳು ಒಂದನ್ನೊಂದು ಉಜ್ಜುತ್ತವೆ. ಕಾರಣ ಬೇರೆಯಾದಾಗ ಚಿಕಿತ್ಸೆಯೂ ಬೇರೆ, ಅಳತೆಯ ಕ್ರಮವೂ ಬೇರೆ.

ನಡಿಗೆಯನ್ನು ಬಲ್ಲ ಕಣ್ಣು ಇದನ್ನು ದೂರದಿಂದಲೇ ಗುರುತಿಸುತ್ತದೆ. ಎರಡೂ ಕಾಲುಗಳಲ್ಲಿ ಬಿಗಿತವಿರುವ ಮಗು ತುದಿಗಾಲಲ್ಲಿ, ತೊಡೆಗಳನ್ನು ಒಳಕ್ಕೆ ತಿರುಗಿಸಿಕೊಂಡು ನಡೆಯುತ್ತದೆ. ಅರ್ಧ ಶರೀರದಲ್ಲಿ ತೊಂದರೆಯಿರುವ ಮಗುವಿನ ಒಂದು ಕೈ ಮೊಣಕೈಯಲ್ಲಿ ಮಡಚಿಕೊಂಡಿರುತ್ತದೆ, ಓಡಿದಾಗಲಂತೂ ಅದು ಇನ್ನಷ್ಟು ಎದ್ದು ಕಾಣುತ್ತದೆ. ಕಿರುಮಿದುಳಿನ ತೊಂದರೆಯಿರುವ ಮಗು ಕಾಲುಗಳನ್ನು ಅಗಲವಿಟ್ಟು ತೂರಾಡುತ್ತದೆ. ಡುಷೆನ್ ಎಂಬ ಸ್ನಾಯುಕ್ಷಯವುಳ್ಳ ಬಾಲಕ ಸೊಂಟವನ್ನು ಅತ್ತಿತ್ತ ಹೊಯ್ದಾಡಿಸುತ್ತ, ಹೊಟ್ಟೆ ಮುಂದೆ ಮಾಡಿ ನಡೆಯುತ್ತಾನೆ. ಅವನ ಮೀನಖಂಡಗಳು ದಪ್ಪಗಿದ್ದು ಬಲಿಷ್ಠವಾಗಿವೆ ಎಂಬ ಭ್ರಮೆ ಹುಟ್ಟಿಸುತ್ತವೆ, ಆದರೆ ನೆಲದಿಂದ ಏಳಬೇಕಾದಾಗ ಅವನು ತನ್ನ ತೊಡೆಗಳ ಮೇಲೆಯೇ ಕೈಯೂರಿ ಮೇಲೇರುತ್ತಾನೆ. ಇದನ್ನು ವೈದ್ಯಶಾಸ್ತ್ರ ಗೋವರ್ಸ್ ಚಿಹ್ನೆ ಎನ್ನುತ್ತದೆ. ಬೆಂಚಿನ ಮೇಲೆ ಕೂತ ಮಗುವಿನಲ್ಲಿ ಇದು ಕಾಣುವ ಪ್ರಶ್ನೆಯೇ ಇಲ್ಲ. ‘ಸೋಮಾರಿ ಅದಾನ್ರೀ, ಎಲ್ಲಾರ ಹಿಂದ ಉಳಿತಾನ’ ಎಂದು ಮನೆಯವರು ಹೇಳುವ ನಾಲ್ಕೈದು ವರ್ಷದ ಹುಡುಗನನ್ನು ಚಾಪೆಯ ಮೇಲೆ ಕೂರಿಸಿ ‘ಏಳಪ್ಪ’ ಎಂದರೆ ಸಾಕು, ಅನುಮಾನ ಮೂಡುತ್ತದೆ. ರಕ್ತದಲ್ಲಿ ಸಿಕೆ ಎಂಬ ಕಿಣ್ವದ ಪರೀಕ್ಷೆ ಆ ಅನುಮಾನಕ್ಕೆ ದಾರಿ ತೋರಿಸುತ್ತದೆ.

ವಯಸ್ಸಿನ ಲೆಕ್ಕವೂ ಬೇಕು. ಮಕ್ಕಳು ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲಿ ನಡೆಯತೊಡಗುತ್ತಾರೆ. ಒಂದೂವರೆ ವರ್ಷವಾದರೂ ಸ್ವತಂತ್ರವಾಗಿ ಹೆಜ್ಜೆಯಿಡದ ಮಗುವನ್ನು ತಜ್ಞರಿಗೆ ತೋರಿಸಲೇಬೇಕು. ಹೊಸದಾಗಿ ನಡೆಯುವ ಮಗು ತುದಿಗಾಲಿಡುವುದು, ಕಾಲು ಅಗಲಿಸುವುದು ರೋಗವಲ್ಲ, ಮತ್ತು ನಡಿಗೆ ದೊಡ್ಡವರಂತೆ ಪಕ್ವವಾಗಲು ಸುಮಾರು ಏಳು ವರ್ಷ ಹಿಡಿಯುತ್ತದೆ. ಆದ್ದರಿಂದ ಮೂರು ವರ್ಷದ ಮಗುವನ್ನೂ ಹತ್ತು ವರ್ಷದ ಮಗುವನ್ನೂ ಒಂದೇ ಮಾನದಂಡದಲ್ಲಿ ನೋಡಲಾಗದು.

ಹಾಗಾದರೆ ಅಳೆಯುವುದು ಹೇಗೆ? ಜಗತ್ತಿನಲ್ಲಿ ಇದಕ್ಕೆ ಒಪ್ಪಿತವಾದ ಹಲವು ವಿಧಾನಗಳಿವೆ, ಮತ್ತು ಅವುಗಳಲ್ಲಿ ಬಹುಪಾಲು ವಿಧಾನಗಳಿಗೆ ದುಬಾರಿ ಯಂತ್ರವೇನೂ ಬೇಕಿಲ್ಲ. ಸೆರೆಬ್ರಲ್ ಪಾಲ್ಸಿಯ ಮಕ್ಕಳ ಚಲನೆಯನ್ನು ಐದು ಹಂತಗಳಲ್ಲಿ ವಿಂಗಡಿಸುವ ಜಿಎಂಎಫ್‌ಸಿಎಸ್ ಎಂಬ ಕ್ರಮವನ್ನು ಕೆನಡಾದ ಸಂಶೋಧಕರು 1997ರಲ್ಲಿ ಪ್ರಕಟಿಸಿದರು, 2007ರಲ್ಲಿ ವಿಸ್ತರಿಸಿದರು. ಮೊದಲ ಹಂತದ ಮಗು ಎಲ್ಲೆಡೆ ನಡೆಯುತ್ತದೆ, ಮೆಟ್ಟಿಲನ್ನೂ ಹತ್ತುತ್ತದೆ, ಆದರೆ ವೇಗ ಮತ್ತು ಸಮತೋಲನದಲ್ಲಿ ಹಿಂದಿರುತ್ತದೆ. ಎರಡನೆಯದಕ್ಕೆ ಮೆಟ್ಟಿಲಿಗೆ ಆಸರೆ ಬೇಕು, ದೂರದ ನಡಿಗೆಯೂ ಏರುತಗ್ಗಿನ ನೆಲವೂ ಕಷ್ಟ. ಮೂರನೆಯದು ವಾಕರ್ ಅಥವಾ ಊರುಗೋಲು ಹಿಡಿದು ನಡೆಯುತ್ತದೆ. ನಾಲ್ಕು ಮತ್ತು ಐದನೆಯ ಹಂತದ ಮಕ್ಕಳಿಗೆ ಗಾಲಿಕುರ್ಚಿಯೇ ಮುಖ್ಯ ಆಧಾರ. ಈ ಹಂತವನ್ನು ಗೊತ್ತುಮಾಡಲು ಮಗುವನ್ನು ಗಮನಿಸಿ ಪೋಷಕರನ್ನು ವಿಚಾರಿಸಿದರೆ ಸಾಕು, ಮತ್ತು ಅದರಿಂದ ಮಗುವಿನ ಮುಂದಿನ ವರ್ಷಗಳ ಬಗ್ಗೆ ಪೋಷಕರಿಗೆ ಪ್ರಾಮಾಣಿಕವಾಗಿ ಹೇಳಲು ಒಂದು ಆಧಾರ ಸಿಗುತ್ತದೆ. ಆದರೂ ಒಂದು ಎಚ್ಚರಿಕೆ ಅಗತ್ಯ: ಇದು ವಿಂಗಡಣೆಯೇ ಹೊರತು ಪ್ರಗತಿಯ ಅಳತೆಯಲ್ಲ. ಮಗುವಿನ ಹಂತ ವರ್ಷಗಳು ಕಳೆದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ವರ್ಷವಿಡೀ ವ್ಯಾಯಾಮ ಮಾಡಿಸಿದ ತಾಯಿಗೆ ‘ಅದೇ ಎರಡನೆಯ ಹಂತ’ ಎಂದು ಹೇಳಿ ಕಳುಹಿಸುವುದು ಸರಿಯೂ ಅಲ್ಲ, ನಿಜವೂ ಅಲ್ಲ. ಹಂತ ಬದಲಾಗದೆಯೇ ನಡಿಗೆ ಸುಧಾರಿಸಬಲ್ಲದು.

ನನಗೆ ಬಹಳ ಉಪಯುಕ್ತವೆನಿಸಿದ್ದು 2004ರಲ್ಲಿ ಮೆಲ್ಬರ್ನ್‌ನ ಮಕ್ಕಳ ಆಸ್ಪತ್ರೆಯ ವೈದ್ಯರು ರೂಪಿಸಿದ ಇನ್ನೊಂದು ಮಾಪನ. ಅದು 5, 50 ಮತ್ತು 500 ಮೀಟರ್ ಎಂಬ ಮೂರು ದೂರಗಳನ್ನು ತೆಗೆದುಕೊಂಡು, ಪ್ರತಿ ದೂರವನ್ನು ಮಗು ಹೇಗೆ ಕ್ರಮಿಸುತ್ತದೆ ಎಂದು ಪೋಷಕರನ್ನು ಕೇಳಿ 1ರಿಂದ 6ರವರೆಗೆ ಅಂಕ ಕೊಡುತ್ತದೆ. ಗಾಲಿಕುರ್ಚಿಗೆ 1, ವಾಕರಿಗೆ 2, ಕಂಕುಳಿನ ಅಥವಾ ಮೊಣಕೈ ಊರುಗೋಲಿಗೆ 3, ಕೈಗೋಲಿಗೆ 4, ಸಮತಟ್ಟಾದ ನೆಲದಲ್ಲಿ ಆಸರೆಯಿಲ್ಲದೆ ನಡೆದರೆ 5, ಎಲ್ಲ ಬಗೆಯ ನೆಲದಲ್ಲೂ ನಡೆದರೆ 6. ‘ಮನ್ಯಾಗ ಛಲೋ ಅಡ್ಡಾಡ್ತಾನ್ರೀ, ಸಾಲಿಗೆ ಹೋಗೂದ್ರೊಳಗ ಸುಸ್ತಾಗಿ ಕುಂತುಬಿಡ್ತಾನ’ ಎಂದು ತಾಯಂದಿರು ಹೇಳುವುದನ್ನೇ ಈ ಮಾಪನ ಅಂಕಿಯಲ್ಲಿ ಹಿಡಿದಿಡುತ್ತದೆ. ಪಡಸಾಲೆಯಿಂದ ಅಡುಗೆಮನೆ ಐದು ಮೀಟರ್, ತರಗತಿಯಿಂದ ಬಿಸಿಯೂಟದ ಕೋಣೆ ಅಥವಾ ಶೌಚಾಲಯ ಐವತ್ತು, ಸಂತೆಯೋ ಗವಿಮಠದ ಜಾತ್ರೆಯೋ ಐನೂರು. ಐದು ಮತ್ತು ಆರನೆಯ ಅಂಕಗಳ ನಡುವಿನ ವ್ಯತ್ಯಾಸ ಮೆಲ್ಬರ್ನ್‌ನಲ್ಲಿ ಎಷ್ಟು ಮುಖ್ಯವೋ ತಿಳಿಯೆ, ನಮ್ಮಲ್ಲಿ ಅದು ಬಹಳ ದೊಡ್ಡದು. ಮಳೆ ಬಿದ್ದ ಮೇಲೆ ಸಿಂಧನೂರು, ಮಾನ್ವಿ ಕಡೆಯ ಎರೆಮಣ್ಣು ಗಟ್ಟಿಮುಟ್ಟಾದ ಆಳಿನ ಕಾಲನ್ನೇ ಹಿಡಿದೆಳೆಯುವಾಗ ಕಾಲ್ಬೆರಳು ಎತ್ತಲಾರದ ಮಗುವಿನ ಪಾಡು ಏನಾದೀತು? ಆಸ್ಪತ್ರೆಯ ಗ್ರಾನೈಟ್ ನೆಲದ ಮೇಲೆ ಚೆನ್ನಾಗಿ ನಡೆದ ಮಗು ತನ್ನ ಓಣಿಯಲ್ಲಿ ನಡೆಯಲಾರದೆ ಇರಬಹುದು ಎಂಬುದನ್ನು ಕೇಳಿಯೇ ತಿಳಿಯಬೇಕು.

ಕೇಳಿ ತಿಳಿದದ್ದರ ಜೊತೆಗೆ ಗಡಿಯಾರ ಹಿಡಿದು ಅಳೆದದ್ದೂ ಇರಬೇಕು. ಸರಳವಾದದ್ದು ಹತ್ತು ಮೀಟರ್ ನಡಿಗೆ. ಹದಿನಾಲ್ಕು ಮೀಟರ್ ನೇರ ಜಾಗದಲ್ಲಿ ಮೊದಲ ಎರಡು ಮತ್ತು ಕೊನೆಯ ಎರಡು ಮೀಟರ್ ಬಿಟ್ಟು ನಡುವಿನ ಹತ್ತಕ್ಕೆ ಸಮಯ ನೋಡುವುದು ವಾಡಿಕೆ, ಏಕೆಂದರೆ ಹೊರಡುವಾಗಲೂ ನಿಲ್ಲುವಾಗಲೂ ವೇಗ ಕಡಿಮೆ ಇರುತ್ತದೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ಮರಳಿ ಬಂದು ಕೂರುವ ಪರೀಕ್ಷೆ 1991ರಲ್ಲಿ ವೃದ್ಧರಿಗಾಗಿ ರೂಪುಗೊಂಡಿತು. ಮಕ್ಕಳಿಗೆ ಅದನ್ನು ಹೊಂದಿಸುವಾಗ ಗೋಡೆಯ ಮೇಲೊಂದು ಚಿತ್ರ ಅಂಟಿಸಿ ‘ಮುಟ್ಟಿ ಬಾ’ ಎಂದು ಹೇಳುವ ಕ್ರಮ ಬಂದಿದೆ. ಕುರ್ಚಿಯ ಎತ್ತರ ಮಗುವಿನ ಪಾದ ನೆಲ ಮುಟ್ಟುವಷ್ಟೇ ಇರಬೇಕೆಂಬುದನ್ನು ಮರೆತು, ದೊಡ್ಡವರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಜೋತಾಡಿಸಿ ಕೂರಿಸಿದರೆ ಸಿಗುವ ಅಂಕಿ ಕುರ್ಚಿಯದ್ದೇ ಹೊರತು ಮಗುವಿನದ್ದಲ್ಲ. ಆರು ನಿಮಿಷದ ನಡಿಗೆ ಮಗುವಿನ ತಾಳಿಕೆಯನ್ನು ತೋರಿಸುತ್ತದೆ. ಅದರ ಬಗ್ಗೆ 2002ರಲ್ಲಿ ಪ್ರಕಟವಾದ ಅಮೆರಿಕದ ಮಾರ್ಗಸೂಚಿ ಮೂವತ್ತು ಮೀಟರ್ ನೇರ ಜಾಗವನ್ನು ಬಯಸುತ್ತದೆ. ನಮ್ಮ ಹಳೆಯ ಸರ್ಕಾರಿ ಶಾಲೆಗಳ ಉದ್ದನೆಯ ಪಡಸಾಲೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಜಾಗ ಚಿಕ್ಕದಾದಷ್ಟೂ ಮಗು ಹೆಚ್ಚು ಸಲ ತಿರುಗಬೇಕಾಗಿ ಕ್ರಮಿಸುವ ದೂರ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಸಲ ಹದಿನೈದು ಮೀಟರಿನಲ್ಲಿ, ಇನ್ನೊಂದು ಸಲ ಮೂವತ್ತರಲ್ಲಿ ಅಳೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ.

ಇಲ್ಲಿ ಸಣ್ಣ ಸಂಗತಿಗಳೇ ದೊಡ್ಡ ತಪ್ಪಿಗೆ ದಾರಿ. ಬರಿಗಾಲಿನಲ್ಲಿ ನಡೆದದ್ದೋ, ಸ್ಪ್ಲಿಂಟ್ (ಪಾದವನ್ನು ಸರಿಯಾದ ಸ್ಥಿತಿಯಲ್ಲಿ ಹಿಡಿದಿಡುವ ಪಟ್ಟಿ) ಹಾಕಿ ನಡೆದದ್ದೋ, ಹೊಸ ಚಪ್ಪಲಿಯಲ್ಲಿ ನಡೆದದ್ದೋ ಎಂದು ಬರೆಯದಿದ್ದರೆ ಮುಂದಿನ ಸಲದ ಅಂಕಿಯನ್ನು ಇದರ ಪಕ್ಕದಲ್ಲಿಡಲಾಗದು. ‘ನಿನಗೆ ಹಿತವಾಗುವಂತೆ ನಡೆ’ ಎಂದದ್ದೋ ‘ಓಡದೆ ಆದಷ್ಟು ಜೋರಾಗಿ ನಡೆ’ ಎಂದದ್ದೋ ಎಂಬುದೂ ಮುಖ್ಯ, ಏಕೆಂದರೆ ಬಿಗಿತವಿರುವ ಮಗುವಿನ ಕಾಲು ವೇಗ ಹೆಚ್ಚಿದಂತೆ ಇನ್ನಷ್ಟು ಬಿಗಿಯುತ್ತದೆ. ತಾಯಿ ಮುಂದೆ ನಿಂತು ಕೈಚಾಚಿ ಕರೆದರೆ ಒಂದು ವೇಗ, ಅಪರಿಚಿತರು ಸುತ್ತ ನಿಂತು ನೋಡಿದರೆ ಇನ್ನೊಂದು. ಬಳ್ಳಾರಿ, ರಾಯಚೂರಿನ ಗಡಿ ಊರುಗಳಲ್ಲಿ ಮಗುವಿನ ಮನೆಮಾತು ತೆಲುಗು, ಉರ್ದು ಅಥವಾ ಲಂಬಾಣಿಯಾಗಿರಬಹುದು. ಸೂಚನೆ ತಿಳಿಯದೆ ನಿಂತ ಮಗುವನ್ನು ನಡೆಯಲಾರದ ಮಗು ಎಂದು ಬರೆದದ್ದನ್ನು ನಾನು ಕಂಡಿದ್ದೇನೆ. ನಾಲ್ಕೈದು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಗಡಿಯಾರದ ಪರೀಕ್ಷೆಗಳನ್ನು ಅತಿಯಾಗಿ ನಂಬಬಾರದು. ಅವರು ನಡುದಾರಿಯಲ್ಲಿ ನಿಂತು ಹಲ್ಲಿ ನೋಡುತ್ತಾರೆ.

ಇನ್ನು ಚುರುಕಿನ ವಿಷಯ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲ್ಪಟ್ಟಿರುವುದು ಇದೇ. ನೇರ ದಾರಿಯಲ್ಲಿ ತಕ್ಕಮಟ್ಟಿಗೆ ನಡೆಯುವ ಮಗುವನ್ನು ನಾವು ‘ಪರವಾಗಿಲ್ಲ’ ಎಂದು ಕಳುಹಿಸಿಬಿಡುತ್ತೇವೆ. ಆದರೆ ಮಗುವಿನ ದಿನದಲ್ಲಿ ನೇರ ದಾರಿ ಎಲ್ಲಿದೆ? ಅದು ಹಠಾತ್ತನೆ ನಿಲ್ಲಬೇಕು, ಪಕ್ಕಕ್ಕೆ ಸರಿಯಬೇಕು, ಎದುರಿಗೆ ಬಂದ ಬೈಕಿನಿಂದ ತಪ್ಪಿಸಿಕೊಳ್ಳಬೇಕು, ಬೆಂಚುಗಳ ನಡುವೆ ನುಸುಳಬೇಕು, ಗೆಳೆಯರು ಕರೆದಾಗ ಹಿಂದಿರುಗಿ ಓಡಬೇಕು. ಒಮ್ಮೆ ತಿರುಗುವುದರಲ್ಲಿ ವೇಗ ತಗ್ಗಿಸುವುದು, ಒಂದು ಕಾಲಿನ ಮೇಲೆ ಭಾರ ಹೊರುವುದು, ಇನ್ನೊಂದನ್ನು ಹೊಸ ದಿಕ್ಕಿಗೆ ಇಡುವುದು, ಮತ್ತೆ ವೇಗ ಹಿಡಿಯುವುದು ಇಷ್ಟೆಲ್ಲ ಅಡಗಿದೆ. ಸ್ನಾಯುಗಳನ್ನು ಬೇಕೆಂದಾಗ ಬಿಗಿಮಾಡಿ ಬೇಡವೆಂದಾಗ ಸಡಿಲಿಸಲು ಆಗದ ಮಗು ಈ ತಿರುವಿನಲ್ಲಿಯೇ ಬೀಳುತ್ತದೆ. ನಮ್ಮ ಹುಡುಗಿಯರ ಕುಂಟೆಬಿಲ್ಲೆಯಲ್ಲಿ ಒಂಟಿಗಾಲಿನ ನೆಗೆತ, ಗುರಿ, ತಿರುಗಿ ಬರುವುದು ಎಲ್ಲವೂ ಇವೆ. ಖೊಖೊ ಕಂಬಗಳ ನಡುವೆ ಓಡುವುದಂತೂ ಚುರುಕಿನ ಪರೀಕ್ಷೆಯೇ ಸರಿ. ಆಟದ ಅವಧಿಯಲ್ಲಿ ಚೀಲ ಕಾಯಲು ಕೂರಿಸಲ್ಪಡುವ ಮಗು ಯಾವುದು ಎಂದು ದೈಹಿಕ ಶಿಕ್ಷಕರನ್ನು ಕೇಳಿ ನೋಡಿ. ವೈದ್ಯರ ಚೀಟಿಯಲ್ಲಿ ‘ನಡೆಯುತ್ತದೆ’ ಎಂದು ಬರೆಸಿಕೊಂಡ ಮಗುವೂ ಅವರಲ್ಲಿ ಇರುತ್ತದೆ.

ಇದನ್ನು ಅಳೆಯುವ ಕ್ರಮವನ್ನು ನೆದರ್‌ಲೆಂಡ್ಸ್‌ನ ಸಂಶೋಧಕರು 2007ರಲ್ಲಿ ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೆಂದೇ ಪರೀಕ್ಷಿಸಿ ಕೊಟ್ಟಿದ್ದಾರೆ. ಐದು ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಮಗುವನ್ನು ನಿಲ್ಲದೆ ಹತ್ತು ಸಲ ಅತ್ತಿಂದಿತ್ತ ಓಡಿಸಿ ಒಟ್ಟು ಸಮಯ ಬರೆಯುವುದಷ್ಟೇ ಅದು. ಆಸರೆಯಿಲ್ಲದೆ ನಡೆಯುವ, ಅಂದರೆ ಮೊದಲ ಮತ್ತು ಎರಡನೆಯ ಹಂತದ ಮಕ್ಕಳಿಗೆ ಮಾತ್ರ ಇದು ಸಲ್ಲುತ್ತದೆ. ಬೀಳದಂತೆ ಒಬ್ಬರು ಪಕ್ಕದಲ್ಲಿರಬೇಕು, ನೆಲ ಜಾರಬಾರದು. ಅರ್ಧ ಶರೀರದ ತೊಂದರೆಯಿರುವ ಮಗು ಯಾವ ಕಡೆಗೆ ತಿರುಗುತ್ತದೆ, ಯಾವ ಕಡೆಗೆ ತಿರುಗಲು ಹೆಚ್ಚು ಹೆಜ್ಜೆ ತೆಗೆದುಕೊಳ್ಳುತ್ತದೆ ಎಂಬುದನ್ನೂ ಗುರುತು ಹಾಕಿಕೊಂಡರೆ ವ್ಯಾಯಾಮ ಯಾವ ದಿಕ್ಕಿನಲ್ಲಿ ಬೇಕೆಂದು ಗೊತ್ತಾಗುತ್ತದೆ. ಇದೇ ಮಾತನ್ನು ಸ್ನಾಯುಕ್ಷಯದ ಮಕ್ಕಳಿಗೆ ಹೇಳಲಾರೆ. ಅವರನ್ನು ದಣಿಯುವವರೆಗೆ ಓಡಿಸಿದರೆ ದುರ್ಬಲ ಸ್ನಾಯುವಿಗೆ ಹಾನಿ. ಅವರಿಗೆ ನೆಲದಿಂದ ಏಳುವ ಸಮಯ, ಹತ್ತು ಮೀಟರ್ ದಾಟುವ ಸಮಯ ಮತ್ತು ಅವರಿಗಾಗಿಯೇ ರೂಪಿಸಿದ ಹದಿನೇಳು ಚಟುವಟಿಕೆಗಳ ನಾರ್ತ್ ಸ್ಟಾರ್ ಮಾಪನ ಇವೆ. ರೋಗ ಯಾವುದೆಂದು ತಿಳಿಯದೆ ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಸೀಟಿ ಊದುವುದು ಬೇಡ.

ವೇಗ ಹೆಚ್ಚಿದ ಮಾತ್ರಕ್ಕೆ ನಡಿಗೆ ಸುಧಾರಿಸಿತು ಎನ್ನಲೂ ಆಗದು. ಎರಡು ಸೆಕೆಂಡು ಉಳಿಸಿದ ಮಗು ಮೊದಲಿಗಿಂತ ಹೆಚ್ಚು ಸಲ ಬೀಳುತ್ತಿರಬಹುದು. ಅದಕ್ಕಾಗಿ ನಡಿಗೆಯ ರೀತಿಯನ್ನೂ ದಾಖಲಿಸಬೇಕು, ಮತ್ತು ಮೊಬೈಲ್ ಕ್ಯಾಮೆರಾ ಇದನ್ನು ಸುಲಭಗೊಳಿಸಿದೆ. ಎದುರಿನಿಂದ ಒಂದು, ಎರಡೂ ಪಕ್ಕಗಳಿಂದ ಒಂದೊಂದು ವಿಡಿಯೋ ಇದ್ದರೆ, ನಿಧಾನಗತಿಯಲ್ಲಿ ನೋಡಿ ಪ್ರತಿ ಕಾಲಿಗೆ ಹದಿನೇಳು ಅಂಶಗಳಲ್ಲಿ ಅಂಕ ಕೊಡುವ ಎಡಿನ್‌ಬರೊ ಮಾಪನವನ್ನು 2003ರಿಂದ ಬಳಸಲಾಗುತ್ತಿದೆ. ಪಾದ ನೆಲವನ್ನು ಮೊದಲು ಎಲ್ಲಿಂದ ಮುಟ್ಟುತ್ತದೆ, ಹಿಮ್ಮಡಿ ಯಾವಾಗ ಮೇಲೇಳುತ್ತದೆ, ಮೊಣಕಾಲು ಎಷ್ಟು ಮಡಚುತ್ತದೆ, ಸೊಂಟ ಯಾವ ಕಡೆ ಕುಸಿಯುತ್ತದೆ ಎಂಬುದನ್ನೆಲ್ಲ ಹಾಗೆ ನೋಡಬಹುದು. ಕ್ಯಾಮೆರಾ ಮಗುವಿನ ಮೊಣಕಾಲಿನ ಎತ್ತರದಲ್ಲಿರಲಿ, ಮಗು ಚಡ್ಡಿ ಹಾಕಿರಲಿ, ಪೋಷಕರ ಒಪ್ಪಿಗೆ ಲಿಖಿತವಾಗಿರಲಿ. ಆ ವಿಡಿಯೋಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವುದು ಮಾತ್ರ ಅಕ್ಷಮ್ಯ.

ಮಗುವಿನ ಮೈಮೇಲೆ ಹೊಳೆಯುವ ಗುಂಡಿಗಳನ್ನು ಅಂಟಿಸಿ, ಹಲವು ಅವಗೆಂಪು ಕ್ಯಾಮೆರಾಗಳಿಂದ ಕೀಲುಗಳ ಕೋನವನ್ನೂ ನೆಲದಲ್ಲಿ ಹುದುಗಿಸಿದ ಫಲಕಗಳಿಂದ ಪಾದ ನೆಲಕ್ಕೆ ಹಾಕುವ ಬಲವನ್ನೂ ಅಳೆಯುವ ಪ್ರಯೋಗಾಲಯಗಳು ಮಹಾನಗರಗಳಲ್ಲಿವೆ. ಹಲವು ಕೀಲುಗಳಿಗೆ ಒಂದೇ ಬಾರಿಗೆ ಶಸ್ತ್ರಚಿಕಿತ್ಸೆ ಮಾಡಬೇಕೆನ್ನುವಾಗ ಅವು ಬಹಳ ಬೆಲೆಯುಳ್ಳವು. ರಾಯಚೂರಿಗೆ ಏಮ್ಸ್ ಬೇಕೆಂದು ಜನ ವರ್ಷಗಟ್ಟಲೆ ಧರಣಿ ಕೂತದ್ದು ಎಲ್ಲರಿಗೂ ಗೊತ್ತಿದೆ. ಆ ಬೇಡಿಕೆಯನ್ನು ನಾನೂ ಬೆಂಬಲಿಸುತ್ತೇನೆ. ಆದರೆ ದೊಡ್ಡ ಆಸ್ಪತ್ರೆ ಬರುವವರೆಗೆ ಅಳತೆಪಟ್ಟಿ, ಸುಣ್ಣದ ಗೆರೆ ಮತ್ತು ಮೊಬೈಲಿನೊಳಗಿನ ಸ್ಟಾಪ್‌ವಾಚ್ ಕಾಯಬೇಕಿಲ್ಲ.

ಅಳತೆಯಿಲ್ಲದ ಚಿಕಿತ್ಸೆಯಿಂದ ಆಗುವ ನಷ್ಟ ಊಹೆಯ ಮಾತಲ್ಲ. ಮಗು ಬೆಳೆಯುವಾಗ ಮೂಳೆ ಉದ್ದವಾಗುವ ವೇಗಕ್ಕೆ ಬಿಗಿದ ಸ್ನಾಯು ಹೊಂದಿಕೊಳ್ಳಲಾರದು. ಆರನೇ ವರ್ಷದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮಗು ಎತ್ತರ ಬೆಳೆದು ತೂಕ ಹೆಚ್ಚಿದಂತೆ ಹನ್ನೆರಡರ ಹೊತ್ತಿಗೆ ನಡಿಗೆ ಕಳೆದುಕೊಳ್ಳತೊಡಗಬಹುದು. ಆರು ತಿಂಗಳಿಗೊಮ್ಮೆ ಅಳೆದಿದ್ದರೆ ಈ ಇಳಿಕೆ ಮೊದಲೇ ಕಾಣುತ್ತದೆ, ಪ್ಲಾಸ್ಟರ್, ಸ್ಪ್ಲಿಂಟ್, ಬಿಗಿದ ಸ್ನಾಯುವನ್ನು ಸಡಿಲಿಸುವ ಬೊಟುಲಿನಂ ಚುಚ್ಚುಮದ್ದು ಇವುಗಳಲ್ಲಿ ಯಾವುದು ಯಾವಾಗ ಎಂದು ನಿರ್ಧರಿಸಲು ಕಾಲಾವಕಾಶವಿರುತ್ತದೆ. ಅಳೆಯದಿದ್ದಲ್ಲಿ ಎಲ್ಲರ ಕಣ್ಣಿಗೂ ಬೀಳುವುದು ತುದಿಗಾಲು ಒಂದೇ. ಎರಡೂ ಕಾಲುಗಳಲ್ಲಿ ಬಿಗಿತವಿರುವ ಮಗುವಿನ ಸೊಂಟ ಮತ್ತು ಮೊಣಕಾಲಿನ ಸ್ಥಿತಿಯನ್ನು ನೋಡದೆ ಹಿಮ್ಮಡಿಯ ನರವನ್ನಷ್ಟೇ ಉದ್ದ ಮಾಡಿದರೆ (ನಮ್ಮ ಜನ ಸ್ನಾಯುರಜ್ಜುವನ್ನೂ ನರವೆಂದೇ ಕರೆಯುತ್ತಾರೆ) ಹಿಮ್ಮಡಿ ನೆಲಕ್ಕೇನೋ ತಾಗುತ್ತದೆ, ಆದರೆ ಕೆಲವು ವರ್ಷಗಳಲ್ಲಿ ಮೊಣಕಾಲು ಮಡಚಿಕೊಂಡು ಮಗು ಕುಗ್ಗಿ ನಡೆಯತೊಡಗುತ್ತದೆ. ಕುಗ್ಗು ನಡಿಗೆ ತುದಿಗಾಲು ನಡಿಗೆಗಿಂತ ಹೆಚ್ಚು ದಣಿಸುವಂಥದ್ದು, ಸರಿಪಡಿಸಲು ಹೆಚ್ಚು ಕಷ್ಟವಾದದ್ದು. ಹೀಗಾದ ಮಕ್ಕಳು ನನ್ನ ಬಳಿ ಬಂದಿದ್ದಾರೆ. ಅವರ ಹಳೆಯ ಕಾಗದಗಳಲ್ಲಿ ಶಸ್ತ್ರಚಿಕಿತ್ಸೆಯ ದಿನಾಂಕವಿತ್ತು, ಅದಕ್ಕೆ ಮುನ್ನ ಅವರು ಹೇಗೆ ನಡೆಯುತ್ತಿದ್ದರು ಎಂಬ ಒಂದು ಸಾಲೂ ಇರಲಿಲ್ಲ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕು ಗುಳೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ತಾಲ್ಲೂಕುಗಳ ತಾಂಡಾ ಮತ್ತು ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವ ಕುಟುಂಬಗಳ ಜೊತೆ ಈ ಮಕ್ಕಳೂ ಹೋಗುತ್ತಾರೆ. ಇಲ್ಲಿ ಆರಂಭವಾದ ಚಿಕಿತ್ಸೆ ಅಲ್ಲಿ ನಿಲ್ಲುತ್ತದೆ, ಅಲ್ಲಿ ಮಾಡಿದ ತಪಾಸಣೆ ಇಲ್ಲಿಗೆ ತಿಳಿಯುವುದಿಲ್ಲ. ಕಚೇರಿಯ ಕಪಾಟಿನಲ್ಲಿ ಕೂರುವ ದಾಖಲೆ ಇಂತಹ ಮಗುವಿಗೆ ಯಾವ ಉಪಕಾರವನ್ನೂ ಮಾಡದು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನ ಹಾಗೆ ಮನೆಯವರ ಕೈಯಲ್ಲಿಯೇ ಇರುವ ಒಂದು ನಡಿಗೆ ಪುಸ್ತಕ ಬೇಕು. ಅದರಲ್ಲಿ ರೋಗದ ಹೆಸರು, ಚಲನೆಯ ಹಂತ, ಮೂರು ದೂರಗಳ ಅಂಕ, ಹತ್ತು ಮೀಟರಿನ ಸೆಕೆಂಡುಗಳು, ಸಾಧ್ಯವಿದ್ದಲ್ಲಿ ಹತ್ತು ಸಲದ ಓಟದ ಸಮಯ, ಪಾದರಕ್ಷೆಯ ವಿವರ, ಅಳೆದವರ ಸಹಿ ಇದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೂ ಪುಣೆಯ ಆಸ್ಪತ್ರೆಗೆ ಹೋದರೂ ಅಲ್ಲಿನವರು ಮೊದಲಿನಿಂದ ಆರಂಭಿಸಬೇಕಿಲ್ಲ.

ಇದನ್ನು ಮಾಡಲು ಹೊಸ ಇಲಾಖೆ ಬೇಡ, ಇರುವ ವ್ಯವಸ್ಥೆಗಳು ಒಂದನ್ನೊಂದು ವಿಚಾರಿಸಿದರೆ ಆದೀತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಶಾಲಾ ಮಕ್ಕಳನ್ನು ಒಂದು ಬಾರಿ ತಪಾಸಣೆ ಮಾಡಬೇಕೆಂದಿದೆ. ಅವರು ಕಳುಹಿಸುವ ಮಕ್ಕಳಿಗಾಗಿ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ಯೋಜನೆ ಇದೆ. ಶಿಕ್ಷಣ ಇಲಾಖೆಯಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಳ್ಳಾರಿಯಲ್ಲಿ ವಿಮ್ಸ್, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಎಂದು ಜನ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಮಕ್ಕಳ ವಿಭಾಗ ಮತ್ತು ಮೂಳೆ ವಿಭಾಗದವರು ಸೇರಿ ಒಂದೇ ನಮೂನೆಯನ್ನು ಒಪ್ಪಿಕೊಟ್ಟರೆ, ಹತ್ತು ಮೀಟರ್ ನಡಿಗೆಯನ್ನೂ ನೆಲದಿಂದ ಏಳುವುದನ್ನೂ ಅಳೆಯಲು ಈ ಕಾರ್ಯಕರ್ತರಿಗೂ ದೈಹಿಕ ಶಿಕ್ಷಕರಿಗೂ ತರಬೇತಿ ಕೊಡುವುದು ಕಷ್ಟವಲ್ಲ. ಅಂಕಿಗಳನ್ನು ಓದಿ ನಿರ್ಧರಿಸುವ ಕೆಲಸ ತಜ್ಞರಿಗೇ ಇರಲಿ.

ಸಾಲು ಉದ್ದವಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಆರು ನಿಮಿಷದ ನಡಿಗೆಯನ್ನು ಶಿಬಿರದಲ್ಲಿ ಎಲ್ಲರಿಗೂ ಮಾಡಿಸಲಾಗದು ಎಂಬುದನ್ನು ಒಪ್ಪುತ್ತೇನೆ. ಅದನ್ನು ಜಿಲ್ಲಾ ಕೇಂದ್ರಕ್ಕೆ ಬಿಡಬಹುದು. ಹತ್ತು ಮೀಟರ್ ನಡಿಗೆಗೆ ಬೇಕಾಗುವ ವೇಳೆಯಾದರೋ ಒಂದು ಅರ್ಜಿ ನಮೂನೆ ತುಂಬುವುದಕ್ಕಿಂತ ಕಡಿಮೆ, ಮತ್ತು ಸಾಲಿನಲ್ಲಿ ಕಾಯುವ ಹೊತ್ತಿನಲ್ಲಿಯೇ ಅದನ್ನು ಮುಗಿಸಬಹುದು. ಸಾಧನ ವಿತರಣೆಗೂ ಇದು ನೇರವಾಗಿ ಸಂಬಂಧಿಸಿದ್ದು. ನಡೆಯಬಲ್ಲ ಮಗುವಿಗೆ ಗಾಲಿಕುರ್ಚಿಯನ್ನೂ, ಬಿಗಿತವಿರುವ ಮಗುವಿಗೆ ಪೋಲಿಯೋ ಕಾ‌ಲದ ಭಾರವಾದ ಕ್ಯಾಲಿಪರನ್ನೂ ಕೊಟ್ಟು, ಅದು ಮನೆಯ ಅಟ್ಟ ಸೇರುವುದನ್ನು ತಡೆಯಲು ಸಾಧನ ಹಾಕಿ ಒಮ್ಮೆ, ಹಾಕದೆ ಒಮ್ಮೆ ನಡೆಸಿ ನೋಡುವುದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಮುಂದಿನ ಮೌಲ್ಯಾಂಕನ ಶಿಬಿರಗಳ ಸುತ್ತೋಲೆ ಹೊರಡಿಸುವಾಗ ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರೂ ಜಿಲ್ಲೆಗಳ ಶಿಕ್ಷಣ ಹಾಗೂ ಆರೋಗ್ಯ ಅಧಿಕಾರಿಗಳು ಶಿಬಿರದ ಜಾಗದಲ್ಲಿ ನೆರಳಿರುವ ಹದಿನಾಲ್ಕು ಮೀಟರ್ ನೇರ ನೆಲ, ಮಕ್ಕಳ ಎತ್ತರದ ಒಂದು ಕುರ್ಚಿ ಮತ್ತು ನಡಿಗೆಯ ಅಂಕಿ ಬರೆಯಲು ಪ್ರತ್ಯೇಕ ಕಲಂ ಇರಬೇಕೆಂದು ಸೇರಿಸಲಿ ಎಂಬುದು ನನ್ನ ವಿನಂತಿ. ಶಿಬಿರ ಬೇಸಿಗೆಯಲ್ಲಿ ಬಿದ್ದರೆ ನಡಿಗೆಯ ಪರೀಕ್ಷೆಗಳನ್ನು ಬೆಳಿಗ್ಗೆ ಹತ್ತು ಗಂಟೆಯೊಳಗೆ ಮುಗಿಸಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಅಳೆದ ಅಂಕಿಯನ್ನು ಡಿಸೆಂಬರಿನ ಅಂಕಿಯ ಜೊತೆ ಹೋಲಿಸಲಾಗದು.

ತಮ್ಮ ವಿಶ್ವಾಸಿ,
ಮಕ್ಕಳ ಫಿಸಿಯೋಥೆರಪಿಸ್ಟ್,
ಸಿಂಧನೂರು, ರಾಯಚೂರು ಜಿಲ್ಲೆ